ತೆರಿಗೆ ಸೊನ್ನೆಯಾದರೂ ಜುಲೈ 31 ತಪ್ಪಿಸಬೇಡಿ

2025ರ ಫೆಬ್ರುವರಿ 1ರಂದು ನಿರ್ಮಲಾ ಸೀತಾರಾಮನ್ ಬಜೆಟ್ ಓದಿದ ದಿನದಿಂದ ಒಂದು ಮಾತು ಎಲ್ಲರ ಬಾಯಲ್ಲೂ ಇದೆ. "12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ." ಮಾತು ಸುಳ್ಳಲ್ಲ. ಆದರೆ ಅದನ್ನು ನಂಬಿಕೊಂಡು ಜನ ಮಾಡುತ್ತಿರುವ ತೀರ್ಮಾನಗಳನ್ನು ಕೇಳಿದರೆ ನನಗೆ ದಿಗಿಲಾಗುತ್ತದೆ. "ನಂದು ಹತ್ತು ಲಕ್ಷ, ರಿಟರ್ನ್ ಹಾಕೋದೇ ಬೇಡ" ಅನ್ನುವವರು ಒಂದು ಕಡೆ (ರಿಟರ್ನ್ ಅಂದರೆ ವರ್ಷದ ಆದಾಯ, ತೆರಿಗೆಯ ಲೆಕ್ಕವನ್ನು ಇಲಾಖೆಗೆ ಸಲ್ಲಿಸುವುದು; ಸಂಬಳದಾರರಿಗೆ ಅದರ ಕೊನೇ ದಿನ ಜುಲೈ 31). "ಕೊನೇ ದಿನಾಂಕ ಹೋದ್ರೆ ಏನಾಯ್ತು, ಐದು ಸಾವಿರ ಫೈನ್ ಕಟ್ಟಿದರಾಯ್ತು" ಅನ್ನುವವರು ಇನ್ನೊಂದು ಕಡೆ. ಎರಡೂ ತಪ್ಪು. ಎರಡರಿಂದಲೂ ಕೈಯಿಂದ ದುಡ್ಡು ಹೋಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾದರೂ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವುದೆಲ್ಲ 2025-26ರ ಆದಾಯದ ಲೆಕ್ಕ, ಅಂದರೆ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಬಂದ ದುಡ್ಡಿನದು.

ಮೊದಲು ದರ ನೋಡೋಣ. ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿಗಳಿವೆ, ದರವೂ ಕಡಿತವೂ ಕಡಿಮೆ ಇರುವ ಹೊಸದು, ಎರಡೂ ಜಾಸ್ತಿ ಇರುವ ಹಳೆಯದು. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ 8 ಲಕ್ಷದವರೆಗೆ ಶೇ. 5, 12ರವರೆಗೆ ಶೇ. 10, 16ರವರೆಗೆ ಶೇ. 15, 20ರವರೆಗೆ ಶೇ. 20, 24ರವರೆಗೆ ಶೇ. 25. ಅದರ ಮೇಲಿನದಕ್ಕೆ ಶೇ. 30. ಬಂದ ತೆರಿಗೆಯ ಮೇಲೆ ಶೇ. 4 ಸೆಸ್. ಈ ಲೆಕ್ಕದಲ್ಲಿ 12 ಲಕ್ಷ ಆದಾಯ ಇದ್ದವರಿಗೆ 20 ಸಾವಿರ ಮತ್ತು 40 ಸಾವಿರ ಸೇರಿ 60,000 ರೂಪಾಯಿ ತೆರಿಗೆ ಬರುತ್ತದೆ. ಆಮೇಲೆ ಸೆಕ್ಷನ್ 87ಎ ಪ್ರಕಾರ ಆ 60,000 ಪೂರ್ತಿ ಮಾಫಿಯಾಗುತ್ತದೆ. ಸಂಬಳ ಅಥವಾ ಪಿಂಚಣಿ ಬರುವವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ದಾಖಲೆ ಕೇಳದೆ ಆದಾಯದಿಂದ ಕಳೆಯುವ ಮೊತ್ತ) ಕೂಡ ಸಿಗುವುದರಿಂದ ಅವರಿಗೆ 12.75 ಲಕ್ಷದವರೆಗೂ ಸೊನ್ನೆ.

ಇಲ್ಲಿ ಒಂದು ವಿಷಯ ಗಮನಿಸಿ. ತೆರಿಗೆ ಇಲ್ಲದ ಮಿತಿ 4 ಲಕ್ಷ ಮಾತ್ರ. 4ರಿಂದ 12 ಲಕ್ಷದವರೆಗೆ ತೆರಿಗೆ ಹುಟ್ಟುತ್ತದೆ, ಆಮೇಲೆ ಮಾಫಿಯಾಗುತ್ತದೆ. ಹುಟ್ಟಿದ ತೆರಿಗೆಯನ್ನು ಮಾಫಿ ಮಾಡಿಸಿಕೊಳ್ಳುವ ಜಾಗವೇ ರಿಟರ್ನ್. ಹಾಗಾಗಿ 4 ಲಕ್ಷ ದಾಟಿದವರು ಕಟ್ಟುವುದು ಏನೂ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕು. ಹತ್ತು ಲಕ್ಷ ಸಂಬಳದವರು ಒಂದು ರೂಪಾಯಿ ತೆರಿಗೆ ಬಾಕಿ ಇಲ್ಲದಿದ್ದರೂ ತಡವಾಗಿ ಹಾಕಿದರೆ 5,000 ರೂಪಾಯಿ ವಿಳಂಬ ಶುಲ್ಕ ಕಟ್ಟಬೇಕು. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ ಅದು 1,000. ಇನ್ನು ಕೆಲವರ ಆದಾಯ ಮಿತಿಯೊಳಗಿದ್ದರೂ ಖರ್ಚೇ ಅವರನ್ನು ಎಳೆದು ತರುತ್ತದೆ. ವರ್ಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಕರೆಂಟ್ ಬಿಲ್ ಕಟ್ಟಿದ್ದರೆ, ವಿದೇಶ ಪ್ರವಾಸಕ್ಕೆ 2 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಿದ್ದರೆ, ಅವರೂ ಹಾಕಬೇಕು.

ಸ್ಲ್ಯಾಬ್, ಅಂದರೆ ಈ ದರದ ಮೆಟ್ಟಿಲುಗಳ ಬಗ್ಗೆ ಇರುವ ಇನ್ನೊಂದು ಭಯದ ಬಗ್ಗೆಯೂ ಹೇಳಲೇಬೇಕು. ಓದಿದವರೇ, ದೊಡ್ಡ ಕಂಪನಿಗಳಲ್ಲಿರುವವರೇ, "ಇನ್‌ಕ್ರಿಮೆಂಟ್ ಬಂದು ಮುಂದಿನ ಸ್ಲ್ಯಾಬ್‌ಗೆ ಹೋದ್ರೆ ಇಡೀ ಸಂಬಳಕ್ಕೆ ಜಾಸ್ತಿ ಟ್ಯಾಕ್ಸ್" ಅಂದುಕೊಂಡಿದ್ದಾರೆ. ಹಾಗಿಲ್ಲ. ತೆರಿಗೆ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ಮೇಲಿನ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಕೆಳಗಿನವುಗಳ ದರ ಬದಲಾಗುವುದಿಲ್ಲ. ತೆರಿಗೆಗೆ ಒಳಪಡುವ ಆದಾಯ 16 ಲಕ್ಷ ಇದ್ದದ್ದು 16.10 ಲಕ್ಷ ಆಯಿತು ಅಂದುಕೊಳ್ಳಿ. ಆ ಹತ್ತು ಸಾವಿರಕ್ಕೆ ಮಾತ್ರ ಶೇ. 20. ಸೆಸ್ ಸೇರಿ 2,080 ರೂಪಾಯಿ ಹೋಗುತ್ತದೆ, 7,920 ಕೈಯಲ್ಲಿ ಉಳಿಯುತ್ತದೆ. ಬಡ್ತಿ ಬೇಡ ಅನ್ನಲು ತೆರಿಗೆ ಕಾರಣವೇ ಅಲ್ಲ.

ಒಂದು ಕಡೆ ಆ ಭಯದಲ್ಲಿ ಸತ್ಯ ಇದೆ. ಅದು 12 ಲಕ್ಷದ ಗೆರೆಯ ಪಕ್ಕದಲ್ಲಿ. ಗೆರೆ ದಾಟಿದ ಕೂಡಲೇ 87ಎ ಮಾಫಿ ಪೂರ್ತಿ ಹೋಗುತ್ತದೆ. ಹತ್ತು ಸಾವಿರ ಜಾಸ್ತಿ ದುಡಿದವರು 61,500 ಕಟ್ಟುವಂತಾದರೆ ಅದು ಅನ್ಯಾಯ ಅಲ್ವಾ? ಅದಕ್ಕಾಗಿ ಮಾರ್ಜಿನಲ್ ರಿಲೀಫ್ ಇದೆ. 12 ಲಕ್ಷದ ಮೇಲೆ ಎಷ್ಟು ಬಂದಿದೆಯೋ ಅದಕ್ಕಿಂತ ಜಾಸ್ತಿ ತೆರಿಗೆ ಹಾಕುವುದಿಲ್ಲ, ಮೇಲೆ ಸೆಸ್ ಮಾತ್ರ. 13 ಲಕ್ಷ ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 12.25 ಲಕ್ಷ. ಸ್ಲ್ಯಾಬ್ ಪ್ರಕಾರ 63,750 ಆಗಬೇಕಿತ್ತು, ರಿಲೀಫ್‌ನಿಂದ 25,000ಕ್ಕೆ ಇಳಿಯುತ್ತದೆ, ಸೆಸ್ ಸೇರಿ 26,000. ಸಂಬಳ ಸುಮಾರು 13.45 ಲಕ್ಷ ಆಗುವವರೆಗೂ ಹೀಗೇ. ಆ ಸಣ್ಣ ಪಟ್ಟಿಯಲ್ಲಿ ಜಾಸ್ತಿ ಬಂದ ದುಡ್ಡೆಲ್ಲ ತೆರಿಗೆಗೇ ಹೋಗುತ್ತದೆ. ನೀವು ಅಲ್ಲಿದ್ದರೆ, ನಿಮ್ಮ ಪರವಾಗಿ ಎನ್‌ಪಿಎಸ್ ಪಿಂಚಣಿ ಯೋಜನೆಗೆ ಹಣ ಹಾಕಲು ಸಾಧ್ಯವೇ ಅಂತ ಕಂಪನಿಯನ್ನು ಕೇಳಿ. ಕಂಪನಿ ಹಾಕುವ ಪಾಲಿಗೆ, ಬೇಸಿಕ್‌ನ ಶೇ. 14ರವರೆಗೆ, ಹೊಸ ಪದ್ಧತಿಯಲ್ಲೂ ಕಡಿತ ಸಿಗುತ್ತದೆ. ಇದನ್ನು ತುಂಬಾ ಜನ ಕೇಳುವುದೇ ಇಲ್ಲ.

ಇನ್ನು ಶೇರು ಮಾರುಕಟ್ಟೆಗೆ ಇಳಿದಿರುವ ಹುಡುಗರು, ಹುಡುಗಿಯರು. ದಯವಿಟ್ಟು ಇದನ್ನು ಎರಡು ಸಲ ಓದಿ. ಶೇರು, ಈಕ್ವಿಟಿ ಮ್ಯೂಚುವಲ್ ಫಂಡ್‌ಗಳನ್ನು ವರ್ಷದೊಳಗೆ ಮಾರಿದ ಲಾಭಕ್ಕೆ ಶೇ. 20, ವರ್ಷ ದಾಟಿ ಮಾರಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. ಈ ತೆರಿಗೆಗೆ 87ಎ ಮಾಫಿ ಅನ್ವಯಿಸುವುದಿಲ್ಲ. ಸಂಬಳ 10 ಲಕ್ಷ, ವರ್ಷದೊಳಗೆ ಮಾರಿದ ಶೇರಿನ ಲಾಭ 1 ಲಕ್ಷ. ಒಟ್ಟು 12ರೊಳಗೇ ಇದೆ. ಆದರೂ ಆ 1 ಲಕ್ಷಕ್ಕೆ 20,000 ಮತ್ತು ಸೆಸ್ ಕಟ್ಟಬೇಕು.

ಈಗ ಹಳೆ ಪದ್ಧತಿಗೆ ಬರೋಣ. ಅಲ್ಲಿ 2.5 ಲಕ್ಷದವರೆಗೆ ಸೊನ್ನೆ, 5ರವರೆಗೆ ಶೇ. 5, 10ರವರೆಗೆ ಶೇ. 20, ಮೇಲೆ ಶೇ. 30. 60 ದಾಟಿದವರಿಗೆ ಸೊನ್ನೆಯ ಮಿತಿ 3 ಲಕ್ಷ, 80 ದಾಟಿದವರಿಗೆ 5 ಲಕ್ಷ. ದರ ಜಾಸ್ತಿ, ಆದರೆ ಕಡಿತಗಳು ಬೇಕಾದಷ್ಟು. ಪಿಎಫ್, ಎಲ್‌ಐಸಿ, ಮಕ್ಕಳ ಟ್ಯೂಷನ್ ಫೀ ಎಲ್ಲ ಸೇರಿ ಸೆಕ್ಷನ್ 80ಸಿಯಲ್ಲಿ 1.5 ಲಕ್ಷ. ಆರೋಗ್ಯ ವಿಮೆಗೆ 25,000, ವಯಸ್ಸಾದ ಅಪ್ಪ ಅಮ್ಮನ ವಿಮೆಗೆ ಬೇರೆಯಾಗಿ 50,000ದವರೆಗೆ. ವಾಸದ ಮನೆಯ ಸಾಲದ ಬಡ್ಡಿಗೆ 2 ಲಕ್ಷ. ಬಾಡಿಗೆ ಮನೆಯವರಿಗೆ ಎಚ್‌ಆರ್‌ಎ, ಅಂದರೆ ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ.

ಯಾವುದು ಲಾಭ ಅಂತ ಬಾಯಿಮಾತಲ್ಲಿ ಹೇಳಲು ಆಗುವುದಿಲ್ಲ, ಲೆಕ್ಕ ಹಾಕಲೇಬೇಕು. ಸಂಬಳ 15 ಲಕ್ಷ ಅಂತಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ 97,500. ಹಳೆಯದರಲ್ಲೂ ಅಷ್ಟಕ್ಕೇ ನಿಲ್ಲಬೇಕಾದರೆ, 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಇನ್ನೂ 5,43,750 ರೂಪಾಯಿಯ ಕಡಿತ ತೋರಿಸಬೇಕು. 80ಸಿ ಪೂರ್ತಿ, ವಿಮೆಯ 25,000, ಮನೆ ಸಾಲದ 2 ಲಕ್ಷ ಸೇರಿಸಿದರೂ 3.75 ಲಕ್ಷ ಅಷ್ಟೇ. ದೊಡ್ಡ ಎಚ್‌ಆರ್‌ಎ ಇಲ್ಲದೆ ಹೆಚ್ಚಿನವರಿಗೆ ಹಳೆಯದು ಗೆಲ್ಲುವುದಿಲ್ಲ. ದೊಡ್ಡ ಬಾಡಿಗೆ ಕಟ್ಟುವವರಿಗೆ ಮಾತ್ರ ಅದು ಇನ್ನೂ ಜೀವಂತ.

ಎಚ್‌ಆರ್‌ಎ ಅಂದಾಗ ನನ್ನ ಸಿಟ್ಟನ್ನೂ ಹೇಳಿಬಿಡುತ್ತೇನೆ. ಕಂಪನಿ ಕೊಟ್ಟ ಎಚ್‌ಆರ್‌ಎ, ಬಾಡಿಗೆಯಲ್ಲಿ ಬೇಸಿಕ್ ಮತ್ತು ಡಿಎಯ ಶೇ. 10 ಕಳೆದ ಮೊತ್ತ, ಬೇಸಿಕ್ ಮತ್ತು ಡಿಎಯ ಶೇ. 50 ಅಥವಾ 40, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ. ಶೇ. 50 ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನಲ್ಲಿ ಬಾಡಿಗೆ ಇರುವವರಿಗೆ. 2025-26ರ ಲೆಕ್ಕದಲ್ಲಿ ಬೆಂಗಳೂರಿಗೆ ಶೇ. 40. ಇಲ್ಲಿನ ಬಾಡಿಗೆ, ಅಡ್ವಾನ್ಸ್ ನೋಡಿದ ಯಾರಾದರೂ ಇದನ್ನು ಒಪ್ಪುತ್ತಾರಾ? ದೇಶದ ರಿಟರ್ನ್‌ಗಳನ್ನೆಲ್ಲ ಸಂಸ್ಕರಿಸುವ ಕೇಂದ್ರ, ಸಿಪಿಸಿ, ಇರುವುದೇ ಬೆಂಗಳೂರಿನಲ್ಲಿ. ಆ ಊರಿನ ಬಾಡಿಗೆದಾರರಿಗೆ ಇಷ್ಟು ವರ್ಷ ಕಮ್ಮಿ ಲೆಕ್ಕ ಹಾಕಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಈಗ ದಿನಾಂಕದ ವಿಷಯ. ಈ ಬರಹ ಬರೆಯಲು ಮುಖ್ಯ ಕಾರಣವೇ ಇದು. ಹೊಸ ಪದ್ಧತಿ 2023-24ರಿಂದ ತಾನಾಗಿಯೇ ಅನ್ವಯಿಸುತ್ತದೆ. ಹಳೆಯದು ಬೇಕಾದವರು ಕೇಳಿ ಪಡೆಯಬೇಕು. ಸಂಬಳದಾರರು ಪ್ರತಿ ವರ್ಷ ಬದಲಾಯಿಸಬಹುದು, ಕಂಪನಿಗೆ ಒಂದು ಹೇಳಿ ರಿಟರ್ನ್‌ನಲ್ಲಿ ಇನ್ನೊಂದು ಆರಿಸಿಕೊಳ್ಳಲೂಬಹುದು. ಆದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿದರೆ ಮಾತ್ರ. ಸಂಬಳದಾರರಿಗೆ ಆ ದಿನ ಜುಲೈ 31. ಒಂದೇ ದಿನ ತಡವಾದರೂ ಹಳೆ ಪದ್ಧತಿಯ ಬಾಗಿಲು ಮುಚ್ಚುತ್ತದೆ.

ಅದೇ 15 ಲಕ್ಷದವರು ಸ್ಟ್ಯಾಂಡರ್ಡ್ ಡಿಡಕ್ಷನ್, ಎಚ್‌ಆರ್‌ಎ ಎಲ್ಲ ಸೇರಿ ಒಟ್ಟು 7 ಲಕ್ಷ ಕಡಿತ ತೋರಿಸುವವರು ಅಂದುಕೊಳ್ಳಿ. ಹಳೆಯದರಲ್ಲಿ ಅವರ ತೆರಿಗೆ 75,400. ಕಂಪನಿ ಅಷ್ಟನ್ನೂ ಟಿಡಿಎಸ್ ಆಗಿ, ಅಂದರೆ ಸಂಬಳ ಕೊಡುವಾಗಲೇ ಕಳೆದು, ಹಿಡಿದಾಗಿದೆ. ಇವರು ನಿಶ್ಚಿಂತೆಯಿಂದ ಆಗಸ್ಟ್‌ನಲ್ಲಿ ರಿಟರ್ನ್ ಹಾಕಲು ಕೂರುತ್ತಾರೆ. ಈಗ ಹೊಸ ಪದ್ಧತಿ ಮಾತ್ರ, 97,500. ಅಂದರೆ 22,100 ಹೊಸದಾಗಿ ಕಟ್ಟಬೇಕು, ಅದರ ಮೇಲೆ ಬಡ್ಡಿ, ಜೊತೆಗೆ 5,000 ಶುಲ್ಕ. "ಐದು ಸಾವಿರ ಫೈನ್" ಅಂದುಕೊಂಡದ್ದು ಹೋಗಿ ನಿಲ್ಲುವುದು ಇಲ್ಲಿ. ಶೇರಿನಲ್ಲಿ ನಷ್ಟ ಮಾಡಿಕೊಂಡವರಿಗೂ ಇದೇ ಪಾಡು. ಸಮಯಕ್ಕೆ ಹಾಕಿದರೆ ಆ ನಷ್ಟವನ್ನು ಮುಂದಿನ 8 ವರ್ಷಗಳ ಲಾಭದಲ್ಲಿ ಕಳೆಯಬಹುದು. ತಡವಾದರೆ ಆ ಹಕ್ಕು ಹೋಯಿತು.

"ಎಕ್ಸ್‌ಟೆಂಡ್ ಮಾಡ್ತಾರೆ ಬಿಡಿ" ಅನ್ನುವುದು ಹೊಸ ಅಭ್ಯಾಸ. 2025ರಲ್ಲಿ ಜುಲೈ 31 ಇದ್ದದ್ದನ್ನು ಸೆಪ್ಟೆಂಬರ್ 15ಕ್ಕೆ, ಕೊನೇ ಗಳಿಗೆಯಲ್ಲಿ 16ಕ್ಕೆ ಮುಂದೂಡಿದ್ದು ನಿಜ. 2022, 2023, 2024ರಲ್ಲಿ ಒಂದು ದಿನವೂ ಕೊಡಲಿಲ್ಲ. ಅದನ್ನು ನಂಬಿ ಕೂರಬೇಡಿ. ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ಅದೂ ತಪ್ಪಿದರೆ ಅಪ್‌ಡೇಟೆಡ್ ರಿಟರ್ನ್ ಅಂತ ಒಂದಿದೆ. ಅದರಲ್ಲಿ ಜಾಸ್ತಿ ತೆರಿಗೆ ಕಟ್ಟಬಹುದೇ ಹೊರತು ರೀಫಂಡ್ ಕೇಳಲು ಆಗುವುದಿಲ್ಲ. ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕು ಹಿಡಿದ ಟಿಡಿಎಸ್ ವಾಪಸ್ ಬರಬೇಕಾದ ಹಿರಿಯರು ಎಷ್ಟೋ ಜನ ಇದ್ದಾರೆ. ರಿಟರ್ನ್ ಹಾಕದಿದ್ದರೆ ಆ ದುಡ್ಡು ಬಿಟ್ಟಂತೆಯೇ. 75 ದಾಟಿದವರಿಗೆ ರಿಟರ್ನ್ ಬೇಡ ಅನ್ನುವುದೂ ಅರ್ಧ ಮಾತು. ಪಿಂಚಣಿ ಮತ್ತು ಬಡ್ಡಿ ಬಿಟ್ಟು ಬೇರೆ ಆದಾಯ ಇರಬಾರದು, ಎರಡೂ ಒಂದೇ ಬ್ಯಾಂಕಿನಲ್ಲಿ ಬರಬೇಕು, ಆ ಬ್ಯಾಂಕಿಗೆ ಘೋಷಣೆ ಬರೆದುಕೊಟ್ಟಿರಬೇಕು. ಎರಡು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೆ ಈ ಅನುಕೂಲ ಇಲ್ಲ.

ವರ್ಷದ ಮಧ್ಯೆ ಕೆಲಸ ಬದಲಾಯಿಸಿದವರು ವಿಶೇಷವಾಗಿ ನೋಡಿಕೊಳ್ಳಿ. ಹಳೇ ಕಂಪನಿಯ ಸಂಬಳವನ್ನು ಹೊಸ ಕಂಪನಿಗೆ ತಿಳಿಸದಿದ್ದರೆ ಎರಡೂ ಕಂಪನಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟು, ಎರಡೂ ಮೊದಲ ಸ್ಲ್ಯಾಬ್‌ನಿಂದ ಲೆಕ್ಕ ಶುರುಮಾಡುತ್ತವೆ. ಜುಲೈನಲ್ಲಿ ಎರಡೂ ಕಂಪನಿ ಕೊಟ್ಟ ಫಾರ್ಮ್ 16 (ಸಂಬಳ, ಟಿಡಿಎಸ್‌ನ ಪ್ರಮಾಣಪತ್ರ) ಜೋಡಿಸಿದಾಗ ದೊಡ್ಡ ಬಾಕಿ ಕಾಣುತ್ತದೆ. ಟಿಡಿಎಸ್ ಕಳೆದು 10,000 ಅಥವಾ ಹೆಚ್ಚು ತೆರಿಗೆ ಉಳಿದಿದ್ದರೆ ಅದನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಕಂತಿನಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಆಗಿ ಕಟ್ಟಬೇಕಿತ್ತು. ಕಟ್ಟದ್ದಕ್ಕೆ ಬಡ್ಡಿ ಬೇರೆ. ವ್ಯಾಪಾರ ಇಲ್ಲದ 60 ದಾಟಿದವರಿಗೆ ಮಾತ್ರ ಈ ಕಂತಿನಿಂದ ಬಿಡುಗಡೆ.

ಇದೆಲ್ಲ ತಿಳಿಯಲು ಪಂಡಿತರಾಗಬೇಕಿಲ್ಲ. ಜೂನ್ 15ರ ಹೊತ್ತಿಗೆ ಕಂಪನಿ ಫಾರ್ಮ್ 16 ಕೊಡಬೇಕು. ಅದನ್ನು ಇಟ್ಟುಕೊಂಡು ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಎಐಎಸ್ (ವರ್ಷದ ವ್ಯವಹಾರಗಳ ಪಟ್ಟಿ) ತೆರೆದು ನೋಡಿ. ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಶೇರು ಮಾರಿದ್ದು, ಸೈಟ್ ಕೊಂಡದ್ದು ಎಲ್ಲ ಅಲ್ಲಿರುತ್ತದೆ. ನಿಮ್ಮ ಬಗ್ಗೆ ಇಲಾಖೆಗೆ ಏನು ಗೊತ್ತಿದೆ ಅನ್ನುವುದು ರಿಟರ್ನ್ ಹಾಕುವ ಮೊದಲೇ ನಿಮಗೂ ಗೊತ್ತಿರಲಿ. ತಪ್ಪಿದ್ದರೆ ಅಲ್ಲೇ ಆಕ್ಷೇಪ ದಾಖಲಿಸಬಹುದು.

ಲೆಕ್ಕ ಜಟಿಲವಾಗಿದ್ದರೆ ಒಳ್ಳೆಯ ಆಡಿಟರ್ ಹತ್ತಿರ ಹೋಗಿ, ಅವರ ಫೀಸ್ ಕೊಡಿ. ಅದು ದಂಡವಲ್ಲ. ಆದರೆ "ನಿಮ್ಮ ಟಿಡಿಎಸ್ ಪೂರ್ತಿ ವಾಪಸ್ ಕೊಡಿಸ್ತೀನಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನಂಗೆ" ಅನ್ನುವವರನ್ನು ದೂರ ಇಡಿ. ಇವರು ಮಾಡುವುದು ಇಷ್ಟೇ. ಕೊಡದ ಬಾಡಿಗೆ, ಇಲ್ಲದ ವಿಮೆ, ಯಾವುದೋ ಪಕ್ಷಕ್ಕೆ ದೇಣಿಗೆ ಅಂತ ತುಂಬುತ್ತಾರೆ. ಮೊಬೈಲ್ ನಂಬರ್, ಇಮೇಲ್ ಜಾಗದಲ್ಲಿ ತಮ್ಮದನ್ನೇ ಹಾಕಿಕೊಂಡಿದ್ದರೆ ನೋಟಿಸ್ ಬಂದರೂ ನಿಮಗೆ ತಿಳಿಯುವುದಿಲ್ಲ. ಸುಳ್ಳು ಕಡಿತ ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಶೇ. 200ರವರೆಗೂ ದಂಡ. ಅದು ಬೀಳುವುದು ನಿಮ್ಮ ಪ್ಯಾನ್ ಮೇಲೆ, ಕಮಿಷನ್ ತಗೊಂಡವರ ಮೇಲಲ್ಲ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಹಣಕಾಸು ವರ್ಷ, ಅಸೆಸ್‌ಮೆಂಟ್ ವರ್ಷ ಅನ್ನುವ ಗೊಂದಲ ಹೋಗಿ ಇನ್ನು ಮುಂದೆ ಒಂದೇ ತೆರಿಗೆ ವರ್ಷ. ಒಳ್ಳೆಯದಾಯಿತು. ಆದರೆ 2025-26ರ ಆದಾಯಕ್ಕೆ ಹಳೇ ಕಾಯ್ದೆಯೇ, ಅಸೆಸ್‌ಮೆಂಟ್ ವರ್ಷ 2026-27 ಅಂತಲೇ ಆರಿಸಿಕೊಳ್ಳಬೇಕು. ರಿಟರ್ನ್ ಸಬ್ಮಿಟ್ ಮಾಡಿದ ಮೇಲೆ ಆಧಾರ್ ಓಟಿಪಿಯಿಂದ ಇ-ವೆರಿಫೈ ಮಾಡಲು 30 ದಿನ ಇರುತ್ತದೆ. ಆ 30 ದಿನ ಮೀರಿದರೆ ನೀವು ವೆರಿಫೈ ಮಾಡಿದ ದಿನವನ್ನೇ ರಿಟರ್ನ್ ಹಾಕಿದ ದಿನ ಅಂತ ಲೆಕ್ಕ ಹಿಡಿಯುತ್ತಾರೆ. ಅಂದರೆ ಜುಲೈನಲ್ಲೇ ಸಬ್ಮಿಟ್ ಮಾಡಿದ್ದರೂ ಹಳೆ ಪದ್ಧತಿ ಕೈತಪ್ಪಬಹುದು. ಹಾಗಾಗಿ ಸಬ್ಮಿಟ್ ಒತ್ತಿದ ಮೇಲೆ ಎದ್ದು ಹೋಗಬೇಡಿ, ಓಟಿಪಿ ಹಾಕಿ ಅಲ್ಲೇ ಮುಗಿಸಿಬಿಡಿ.