ಮಂಗಳೂರಿಗೆ ಮನೆ ಬದಲಿಸುವ ಮೊದಲು

ಏಪ್ರಿಲ್ ಬಂದರೆ ಸಾಕು, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಮದುವೆ ಮನೆಗಳಲ್ಲಿ ಅಡಕೆ ರೇಟಿನ ಮಾತು ಮುಗಿದ ಕೂಡಲೇ ಮುಂದಿನ ಪ್ರಶ್ನೆ ಇದೇ: "ನೀವು ಮಂಗಳೂರಿಗೆ ಹೋಗುವುದು ಯಾವಾಗ?" ಹೋಗ್ತೀರಾ ಅಂತ ಯಾರೂ ಕೇಳುವುದಿಲ್ಲ. ಗಂಡನಿಗೆ ಮಂಗಳೂರಿನಲ್ಲಿ ಕೆಲಸ ಉಂಟು, ಇಬ್ಬರು ಮಕ್ಕಳಿದ್ದಾರೆ, ಅಂದ ಮೇಲೆ ಹೋಗದೆ ಇರ್ತಾರಾ ಎಂಬ ಲೆಕ್ಕ.

ನಾವು ಹೋಗುತ್ತಿಲ್ಲ. ಮಗಳ ಎಸ್‌ಎಸ್‌ಎಲ್‌ಸಿ ಮುಗಿಯುವ ತನಕವಂತೂ ಇಲ್ಲ. ಈ ಜೂನ್‌ಗೆ ಅವಳು 8ನೇ ತರಗತಿ, ಮಗ 1ನೇ ತರಗತಿ. ಇಬ್ಬರೂ ಕನ್ನಡ ಮೀಡಿಯಂ. ಇದನ್ನು ಹೇಳಿದರೆ ಕೆಲವರು "ಭಾಷೆಗಾಗಿ ಎಂಥ ತ್ಯಾಗ" ಎಂದು ಕೈಮುಗಿಯುತ್ತಾರೆ. ಇನ್ನು ಕೆಲವರು ಮಕ್ಕಳ ಕಡೆ ಪಾಪ ಅನ್ನುವ ಹಾಗೆ ನೋಡುತ್ತಾರೆ. ಎರಡೂ ಬೇಡ. ಲೆಕ್ಕ ಹಾಕಿಯೇ ಇಲ್ಲಿ ಉಳಿದಿದ್ದೇವೆ. ಆ ಲೆಕ್ಕ ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ. ಉದ್ದ ಆದರೆ ಕ್ಷಮೆ ಇರಲಿ.

ಮೊದಲಿಗೆ ಎಲ್ಲರೂ ಹೇಳುವ ಕಾರಣ. "ಇಲ್ಲಿ ಕನ್ನಡಕ್ಕೆ ಉಳಿಗಾಲ ಇಲ್ಲ, ಅದಕ್ಕೇ ಮಂಗಳೂರಿಗೆ ಹೋದೆವು." ಹೀಗೆ ಹೇಳಿ ಹೋದವರ ಮಕ್ಕಳು ಈಗ ಎಲ್ಲಿ ಓದುತ್ತಿದ್ದಾರೆ ನೋಡಿ. ನನಗೆ ಗೊತ್ತಿರುವ ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ಇಂಗ್ಲಿಷ್ ಮೀಡಿಯಂ. ಕರ್ನಾಟಕದಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆ ಇರುವುದರಿಂದ ಅಲ್ಲಿ ಕನ್ನಡ ಒಂದು ಭಾಷೆಯಾಗಿ ಇರುತ್ತದೆ, ಸರಿ. ಆದರೆ ವಿಜ್ಞಾನ, ಚರಿತ್ರೆ, ಲೆಕ್ಕ ಎಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕೇರಳದಲ್ಲಿದ್ದು ನನ್ನ ಮಗಳು ದ್ಯುತಿಸಂಶ್ಲೇಷಣೆಯನ್ನೂ ಚರಿತ್ರೆಯನ್ನೂ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಉತ್ತರ ಬರೆಯುತ್ತಾಳೆ. ಹೆಚ್ಚು ಕನ್ನಡ ಎಲ್ಲಿ ಸಿಕ್ಕಿತು ಹಾಗಾದರೆ? ಹೋದವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಗಂಡ ದಿನಾ ರಾತ್ರಿ ಒಂಬತ್ತಕ್ಕೆ ಮನೆ ಸೇರುವುದು ಸಾಕಾಗಿದೆ, ಅತ್ತೆ ಮಾವನ ಜೊತೆ ಸರಿ ಬರುವುದಿಲ್ಲ, ಪೇಟೆಯಲ್ಲಿ ಇರಬೇಕು ಅಂತ ಆಸೆ, ಇವೆಲ್ಲ ಮರ್ಯಾದೆಯ ಕಾರಣಗಳೇ. ಅದನ್ನೇ ಹೇಳಿ. ಕನ್ನಡವನ್ನು ಯಾಕೆ ಸುಮ್ನೆ ಎಳೆದು ತರುವುದು?

ಇಲ್ಲಿ ಎಲ್ಲ ಸರಿ ಇದೆ ಅಂತಲೂ ಹೇಳುವುದಿಲ್ಲ. ನಮ್ಮ ಕನ್ನಡ ಮೀಡಿಯಂ ಶಾಲೆಗಳ ದೊಡ್ಡ ತಲೆನೋವು ಯಾವುದು ಅಂತ ಇಲ್ಲಿ ಮಕ್ಕಳನ್ನು ಓದಿಸುವ ಎಲ್ಲರಿಗೂ ಗೊತ್ತು. ಕನ್ನಡ ಸರಿಯಾಗಿ ಬಾರದವರು ಕನ್ನಡ ತರಗತಿಗೆ ಮೇಷ್ಟ್ರಾಗಿ ಬಂದುಬಿಡುತ್ತಾರೆ. ಪಾಲಕರು ಧರಣಿ ಕೂತದ್ದುಂಟು, ಕೋರ್ಟಿಗೆ ಹೋದದ್ದುಂಟು. ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗ) ಪರೀಕ್ಷೆ ಬರೆದು, ವರ್ಷಗಟ್ಟಲೆ ಕಾದು ಬಂದವರು. ಆದರೆ ಲೆಕ್ಕದ ಪಾಠ ಅರ್ಥವಾಗದ ಮಗುವಿಗೆ ಆ ವರ್ಷ ವಾಪಸ್ ಸಿಗುವುದಿಲ್ಲ. ಜೊತೆಗೆ ಪಾಠಪುಸ್ತಕದ ಕನ್ನಡ. ಕೆಲವು ವಾಕ್ಯಗಳನ್ನು ನಾನೇ ಎರಡು ಸಲ ಓದಬೇಕು, ಮೂಲ ಮಲಯಾಳದಲ್ಲಿ ಏನಿದ್ದಿರಬಹುದು ಅಂತ ಊಹೆ ಮಾಡಿದರೆ ಆಗ ಅರ್ಥ ಆಗುತ್ತದೆ!

ಹಾಗಾಗಿ ನನ್ನ ಮೊದಲ ಸಲಹೆ: ಮನೆ ನೋಡುವ ಮೊದಲು ಶಾಲೆಗೆ ಹೋಗಿ. ಕಟ್ಟಡ, ಸ್ಮಾರ್ಟ್ ಕ್ಲಾಸು, ಗೇಟಿನ ಹೊರಗೆ ಕಟ್ಟಿದ 'ಫುಲ್ ಎ ಪ್ಲಸ್' ಫ್ಲೆಕ್ಸು ನೋಡಿ ಬರಬೇಡಿ. ನಮ್ಮ ಸರಕಾರಿ ಹೈಸ್ಕೂಲುಗಳಲ್ಲಿ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಈಗ ಸಾಮಾನ್ಯ. ಕೇಳಬೇಕಾದ್ದು ಬೇರೆ. ಕನ್ನಡ ಡಿವಿಷನ್‌ಗೆ ಲೆಕ್ಕ ಯಾರು ತೆಗೆದುಕೊಳ್ಳುತ್ತಾರೆ, ವಿಜ್ಞಾನ ಯಾರು? ಅವರು ಖಾಯಂ ಇದ್ದಾರಾ, ದಿನಗೂಲಿಯ ಮೇಲೆ ಇದ್ದಾರಾ? ಮುಂದಿನ ಎರಡು ವರ್ಷದಲ್ಲಿ ನಿವೃತ್ತಿ ಆಗುವವರು ಯಾರು? ಹೆಡ್‌ಮಾಸ್ಟರ್ ಹೇಳಲು ಹಿಂಜರಿದರೆ ಪಿಟಿಎ (ಪಾಲಕ-ಶಿಕ್ಷಕರ ಸಂಘ) ಮೀಟಿಂಗಿಗೆ ತಪ್ಪದೆ ಬರುವ ಒಬ್ಬ ತಾಯಿಯನ್ನು ಹಿಡಿಯಿರಿ. ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ತುಂಬ ಜನರಿಗೆ ಗೊತ್ತಿಲ್ಲ. ಕೇರಳದಲ್ಲಿ ಶಾಲೆ ಸುರುವಾದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ ಆಗುತ್ತದೆ. ಆ ದಿನದ ಲೆಕ್ಕದ ಮೇಲೆಯೇ ಆ ವರ್ಷ ಎಷ್ಟು ಡಿವಿಷನ್, ಎಷ್ಟು ಟೀಚರ್ ಪೋಸ್ಟ್ ಎಂದು ನಿರ್ಧಾರ. ಎಲ್‌ಪಿಯಲ್ಲಿ (ಕಿರಿಯ ಪ್ರಾಥಮಿಕ) 30 ಮಕ್ಕಳಿಗೆ ಒಬ್ಬರು, ಯುಪಿಯಲ್ಲಿ (ಹಿರಿಯ ಪ್ರಾಥಮಿಕ) 35ಕ್ಕೆ ಒಬ್ಬರು ಎಂಬ ಅನುಪಾತ. ಮಗುವಿನ ಆಧಾರ್ ಆಗಿರದಿದ್ದರೆ ಅದು ಕ್ಲಾಸಿನಲ್ಲಿ ಕೂತಿದ್ದರೂ ಲೆಕ್ಕಕ್ಕೆ ಸಿಗುವುದು ಕಷ್ಟ. ಕನ್ನಡ ಡಿವಿಷನ್‌ಗಳು ಮೊದಲೇ ಸಣ್ಣವು. ನಾಲ್ಕು ಮನೆಯವರು "ಜೂನ್ ಕೊನೆಗೆ ನೋಡುವಾ" ಎಂದು ಕೂತರೆ ಒಂದು ಪೋಸ್ಟೇ ಹೋಗಬಹುದು. ಪೋಸ್ಟ್ ಹೋದ ಮೇಲೆ "ಕನ್ನಡ ಟೀಚರ್ ಇಲ್ಲ" ಅಂತ ಅದೇ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಯಾವ ಊರಿನಲ್ಲಿ ಇರಬೇಕು ಎಂದು ನೀವು ತೀರ್ಮಾನ ಮಾಡುವುದಾದರೆ ಮೇ ತಿಂಗಳ ಒಳಗೆ ಮಾಡಿ. ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಿ ಮಗುವಿನ ಆಧಾರ್ ಮುಗಿಸಿ ಇಡಿ.

ಈಗ ಮಲಯಾಳ. ಇಲ್ಲಿ ಕೆಲವರಿಗೆ ಬೇಸರ ಆಗಬಹುದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಎಂದು ಮಹಾಜನ ಆಯೋಗ 1967ರಲ್ಲೇ ಹೇಳಿತು. ನಮ್ಮ ಅಜ್ಜನ ಕಾಲದವರು ಅದಕ್ಕಾಗಿ ಬೀದಿಗೆ ಇಳಿದವರು. ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಕೊನೆವರೆಗೂ ಅದನ್ನೇ ಹೇಳಿದರು. ಆ ನೋವು ನನಗೂ ಉಂಟು. ಆದರೆ ಗಡಿ ಬದಲಾಗಲಿ ಅಂತ ಕಾದು ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಆಗುವುದಿಲ್ಲವಲ್ಲ. ಇಲ್ಲಿ ಇರುವುದೇ ಆದರೆ ಮಕ್ಕಳಿಗೆ ಮಲಯಾಳ ಓದಲು, ಬರೆಯಲು ಬರಲೇಬೇಕು. ಕೇರಳದ 2017ರ ಕಾಯ್ದೆ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂದಾಗ ಇಲ್ಲಿ ದೊಡ್ಡ ಗಲಾಟೆ ಆಯಿತು, ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆಯಾಗಿ ಅದು ಸರಿಯೇ. ಮನೆಯೊಳಗಿನ ಲೆಕ್ಕ ಬೇರೆ. ವಿಲ್ಲೇಜ್ ಆಫೀಸಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ ಓದಲು ಬಾರದ ನನ್ನ ಅತ್ತೆ ಪ್ರತಿ ಸಲ ಯಾರನ್ನೋ ಕೇಳಬೇಕು. ನನ್ನ ಮಗಳು ಹಾಗೆ ಇರುವುದು ನನಗೆ ಬೇಡ.

ಕೆಲಸದ ಲೆಕ್ಕವೂ ಇದೆ. ಕಾಸರಗೋಡು ಜಿಲ್ಲೆಯಲ್ಲಿ ಪಿಎಸ್‌ಸಿ 'ಕನ್ನಡ ಮತ್ತು ಮಲಯಾಳ ಬಲ್ಲ' ಕ್ಲರ್ಕ್ ಹುದ್ದೆಗಳಿಗೆ ಬೇರೆಯೇ ಪರೀಕ್ಷೆ ಮಾಡುತ್ತದೆ. ಕನ್ನಡ ಮೀಡಿಯಂ ಶಿಕ್ಷಕರ ಹುದ್ದೆಗಳಿಗೂ ಪ್ರತ್ಯೇಕ ಪಟ್ಟಿ. ಎರಡೂ ಭಾಷೆ ಚೆನ್ನಾಗಿ ಬರುವವರು ಸಿಗುವುದಿಲ್ಲ ಎಂದು ನಾವೇ ದೂರುತ್ತೇವೆ. ಆ ಎರಡೂ ಭಾಷೆಯ ಮಕ್ಕಳನ್ನು ತಯಾರು ಮಾಡಬೇಕಾದವರು ನಾವೇ ಅಲ್ವಾ?

"ಕೇರಳ ಸಿಲೆಬಸ್ ಓದಿದರೆ ಕರ್ನಾಟಕದ ಸಿಇಟಿ ಬಾಗಿಲು ಮುಚ್ಚಿತು" ಎಂದು ಹೆದರಿ ಏಳನೇ ಕ್ಲಾಸಿಗೇ ಮಕ್ಕಳನ್ನು ವಿಟ್ಲಕ್ಕೋ ಪುತ್ತೂರಿಗೋ ಸಾಗಿಸುವವರು ಬಹಳ. ಹಾಗೇನಿಲ್ಲ. ಸಿಇಟಿಯ ಅರ್ಹತಾ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರು ಅದರಲ್ಲಿ ಇದೆ, ಮಹಾರಾಷ್ಟ್ರದ ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಕೂಡ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. 1ರಿಂದ 12ರ ಒಳಗೆ 7 ವರ್ಷ ಈ ಪ್ರದೇಶದಲ್ಲೇ ಓದಿರಬೇಕು. ಒಂದು ಕನ್ನಡ ಪರೀಕ್ಷೆಯನ್ನೂ ಪಾಸಾಗಬೇಕು. ಆ ಪರೀಕ್ಷೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ನೀರು ಕುಡಿದಷ್ಟು ಸುಲಭ. ಅದೇ ಮಗು ಕೇರಳದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೀಮ್ ಅನ್ನೂ ಬರೆಯಬಹುದು. ಅರ್ಜಿ ಹಾಕುವ ವರ್ಷದ ಕೈಪಿಡಿಯನ್ನು ಮಾತ್ರ ತಪ್ಪದೆ ಓದಿ. ಪಕ್ಕದ ಮನೆಯವರ ಮಗಳಿಗೆ ಸಿಕ್ಕಿತ್ತು ಎಂಬ ನಂಬಿಕೆಯ ಮೇಲೆ ಹೋಗಬೇಡಿ. ಮೀಸಲಾತಿಯ ವಿಷಯವೂ ಹಾಗೆ. ಜಾತಿ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲ್ಲಿನ ಸರ್ಟಿಫಿಕೇಟ್ ಅಲ್ಲಿ ಹಾಗೇ ನಡೆಯುತ್ತದೆ ಎಂದುಕೊಂಡು ಮನೆ ಬದಲಿಸಿದರೆ ಕಷ್ಟ.

ಹಾಗಾದರೆ ಹೋಗುವುದಾದರೆ ಯಾವಾಗ? ನನ್ನ ಅಭಿಪ್ರಾಯದಲ್ಲಿ ಮೂರೇ ಜಾಗ: ಒಂದನೇ ತರಗತಿಗೆ ಮೊದಲು, ಎಂಟಕ್ಕೆ ಮೊದಲು, ಎಸ್‌ಎಸ್‌ಎಲ್‌ಸಿ ಆದ ಮೇಲೆ. ಒಂದನೇ ತರಗತಿಗೆ ಅಂದರೆ ವಯಸ್ಸು ನೋಡಿ. ಇಲ್ಲಿ ಐದು ತುಂಬಿದರೆ ಸೇರಿಸುವುದು ಬಹಳ ಕಾಲದ ರೂಢಿ, ಕರ್ನಾಟಕದಲ್ಲಿ ಆರು ತುಂಬಬೇಕೆಂಬ ನಿಯಮ. ಇಲ್ಲಿ ಒಂದನೇ ಕ್ಲಾಸು ಮುಗಿಸಿದ ಮಗು ಅಲ್ಲಿ ಮತ್ತೆ ಒಂದರಲ್ಲೇ ಕೂರಬೇಕಾಗಿ ಬಂದರೆ ಅದರ ಮುಖ ನೋಡಲಾಗುವುದಿಲ್ಲ. ನಡುವೆ, ಐದು ಆರನೇ ಕ್ಲಾಸಿನಲ್ಲಿ, ಕನ್ನಡ ಮೀಡಿಯಂನಿಂದ ಎತ್ತಿ ಇಂಗ್ಲಿಷ್ ಮೀಡಿಯಂನಲ್ಲಿ ಕೂರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಇಲ್ಲಿ ಚುರುಕಾಗಿದ್ದ ಮಕ್ಕಳು ಅಲ್ಲಿ ಬಾಯಿ ಬಿಡದೆ ಕೂತದ್ದನ್ನು ನಮ್ಮ ಕುಟುಂಬದಲ್ಲೇ ನೋಡಿದ್ದೇನೆ. ಪ್ಲಸ್ ವನ್‌ನಲ್ಲಿ, ಅಂದರೆ 11ನೇ ತರಗತಿಯಲ್ಲಿ, ಹೇಗೂ ಪುಸ್ತಕ ಇಂಗ್ಲಿಷ್. ಆ ಏಟು ಎಲ್ಲಿದ್ದರೂ ಬೀಳುತ್ತದೆ. ಹದಿನಾರರ ವಯಸ್ಸಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇರುತ್ತದೆ, ಹತ್ತಕ್ಕೆ ಇರುವುದಿಲ್ಲ.

ಶಾಲೆಯಷ್ಟೇ ನೋಡಿದ್ದರೆ ತೀರ್ಮಾನ ಸುಲಭವಾಗುತ್ತಿತ್ತು. ಮಾವನಿಗೆ ಹೃದಯದ ತೊಂದರೆ. ಡಾಕ್ಟರು ಮಂಗಳೂರಿನವರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಕಥೆ ಇದೇ. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿಗೆ, ಕರ್ನಾಟಕ ತಲಪಾಡಿ ಗಡಿ ಮುಚ್ಚಿ ರಸ್ತೆಗಳಿಗೆ ಮಣ್ಣು ಸುರಿದಾಗ ನಮಗೆ ಗೊತ್ತಾಯಿತು, ನಾವು ಆಸ್ಪತ್ರೆಗೆ ಹೋಗುವ ದಾರಿ ಇನ್ನೊಂದು ರಾಜ್ಯದ ಕೈಯಲ್ಲಿ ಇದೆ ಅಂತ. ಆ್ಯಂಬುಲೆನ್ಸಿಗೂ ದಾರಿ ಸಿಗದೆ ಜನ ಸತ್ತರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಂಗಳೂರಿಗೆ ಹೋಗಿಬಿಡೋಣ ಎಂದು ನನಗೂ ನಿಜವಾಗಿ ಅನ್ನಿಸಿದ್ದು ಆಗಲೇ. 2013ರಲ್ಲಿ ಶಂಕುಸ್ಥಾಪನೆಯಾದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಹೊತ್ತಿಗೆ ಸರಿಯಾಗಿ ಎದ್ದು ನಿಂತಿದ್ದರೆ ನಮ್ಮ ಕಡೆಯ ಅರ್ಧ ಜನಕ್ಕೆ ಈ ಚಿಂತೆಯೇ ಇರುತ್ತಿರಲಿಲ್ಲ. ಬದಿಯಡ್ಕ, ಪೆರ್ಲದ ನಡುವೆ, ನಮ್ಮ ಕಣ್ಣೆದುರೇ ಇರುವ ಜಾಗ ಅದು. ಕನ್ನಡ ಶಾಲೆ ಉಳಿಯಬೇಕು ಎಂದು ಭಾಷಣ ಮಾಡುವವರು ಆಸ್ಪತ್ರೆ ಬಗ್ಗೆಯೂ ಅಷ್ಟೇ ಜೋರಾಗಿ ಮಾತಾಡಬೇಕು. ಊರು ಬಿಡುವವರಲ್ಲಿ ಎಷ್ಟೋ ಮಂದಿ ಅಪ್ಪ ಅಮ್ಮನ ಔಷಧಿ ಚೀಟಿ ಹಿಡಿದು ಹೋದವರು.

ಮಾವ ಮಾತ್ರ ತೋಟ ಬಿಟ್ಟು ಬರುವುದಿಲ್ಲ. "ಫ್ಲ್ಯಾಟಲ್ಲಿ ಎಂತ ಮಾಡುದು ನಾನು? ನೀವು ಹೋಗಿ, ನಾವು ಇಬ್ಬರು ಹೇಗಾದರೂ ಇರ್ತೇವೆ" ಅಂತ ಅವರದ್ದು. ಆ "ಹೇಗಾದರೂ" ಕೇಳಿ ಹೋಗಲು ಆಗುತ್ತದಾ ಮಾರಾಯ್ರೆ?

ಕೊನೆಗೆ ನಾವು ಮಾಡಿದ್ದು ಇಷ್ಟು. ಕುಂಬಳೆಯಲ್ಲಿ, ಸ್ಟೇಷನ್ನಿಂದ ನಡೆದು ಹೋಗುವ ದೂರದಲ್ಲಿ ಬಾಡಿಗೆ ಮನೆ ಹಿಡಿದೆವು. ಗಂಡ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತಾರೆ. ನಾನು ಬದಿಯಡ್ಕದ ಕೆಲಸಕ್ಕೆ ಬಸ್ಸಿನಲ್ಲಿ. ಮಕ್ಕಳಿಗೆ ಕನ್ನಡ ಮೀಡಿಯಂ ಶಾಲೆ ಹತ್ತಿರದಲ್ಲೇ ಉಂಟು. ಶನಿವಾರ ಸಂಜೆ ಎಲ್ಲರೂ ತೋಟಕ್ಕೆ. ರಾತ್ರಿ ಹೊತ್ತು ಮಾವನಿಗೆ ಏನಾದರೂ ಆದರೆ ಅಲ್ಲಿಂದ ಹೊರಟ ಕಾರು ನಮ್ಮನ್ನು ಹೈವೇ ಬದಿಯಲ್ಲೇ ಹತ್ತಿಸಿಕೊಂಡು ಹೋಗಬಹುದು. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ತಲಪಾಡಿ ಮೊದಲಿನಷ್ಟು ದೂರ ಅನ್ನಿಸುವುದಿಲ್ಲ. ಮನೆ ಹುಡುಕುವ ನಮ್ಮವರು ಯಾಕೋ ಊರಿನ ತೋಟ, ಇಲ್ಲವೇ ಮಂಗಳೂರಿನ ಫ್ಲ್ಯಾಟ್, ಈ ಎರಡನ್ನೇ ನೋಡುತ್ತಾರೆ. ಮಂಜೇಶ್ವರ, ಉಪ್ಪಳ, ಕುಂಬಳೆ ಎಂದು ರೈಲಿನ ಹಾದಿಯಲ್ಲಿ ಊರುಗಳಿವೆ. ಬಾಡಿಗೆ ಮಂಗಳೂರಿನಷ್ಟು ಇಲ್ಲ. ಮಳೆಗಾಲದಲ್ಲಿ ಸೊಳ್ಳೆ ಮಾತ್ರ ವಿಪರೀತ, ಅದನ್ನು ಯಾರೂ ಮೊದಲೇ ಹೇಳಲಿಲ್ಲ.

ಗಂಡ ಇದನ್ನು ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ. ರೈಲು ತಡವಾದ ದಿನ ಮಂಗಳೂರಿನ ಬಾಡಿಗೆ ಮನೆಗಳ ಫೋಟೋ ನನ್ನ ವಾಟ್ಸಾಪಿಗೆ ಬರುತ್ತದೆ. ಮಗಳ ಪ್ಲಸ್ ವನ್ ಹೊತ್ತಿಗೆ ಮತ್ತೆ ಕೂತು ಮಾತಾಡುವುದು ಎಂದು ಒಪ್ಪಂದ ಆಗಿದೆ. ಆಗ ಅವಳೂ ಮಾತಾಡುತ್ತಾಳೆ. ಸದ್ಯಕ್ಕೆ ಅವಳಿಗೆ ಓದಬೇಕಾದ್ದು ಕಾಸರಗೋಡು ಸರಕಾರಿ ಕಾಲೇಜಿನಲ್ಲಂತೆ. ಅವಳ ಗೆಳತಿಯ ಅಕ್ಕ ಅಲ್ಲಿ ಇದ್ದಾಳೆ, ಅಷ್ಟೇ ಕಾರಣ.