ಗುದ್ದಿಸಿಕೊಂಡ ಕಾರಿನ ಬೆಲೆ ಬಿದ್ದರೆ ಇನ್ಶೂರೆನ್ಸಿನವರು ಕೊಡಬೇಕಾ?

ಪರ: ಕೊಡಬೇಕು, ಕೇಳಲೇಬೇಕು

"ರಿಪೇರಿ ಮಾಡಿಸಿ ಕೊಟ್ಟೆವಲ್ಲ, ಇನ್ನೆಂತ ಬೇಕು?" ಇದು ಇನ್ಶೂರೆನ್ಸ್ ಆಫೀಸಿನಲ್ಲಿ ನನಗೆ ಸಿಕ್ಕಿದ ಉತ್ತರ.

ಎರಡು ವರ್ಷ ಎಂಟು ತಿಂಗಳ ಕಾರು ನನ್ನದು. ಜುಲೈ ಮಳೆ. ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಎಂದಿನಂತೆ ಎಲ್ಲರೂ ನಿಂತಿದ್ದರು, ನಾನೂ ನಿಂತಿದ್ದೆ, ಹಿಂದಿನಿಂದ ಒಂದು ಪಿಕಪ್ ಜಾರಿಕೊಂಡು ಬಂದು ಗುದ್ದಿತು. ಡಿಕ್ಕಿಗೇ ಡಿಕ್ಕಿ ಅಂತ ಮನೆಯವರು ಆಮೇಲೆ ನಗಾಡಿದರು, ನನಗೇನೂ ನಗು ಬರಲಿಲ್ಲ. ಹಿಂದಿನ ಪ್ಯಾನೆಲ್ ಕತ್ತರಿಸಿ ಹೊಸತು ವೆಲ್ಡ್ ಮಾಡಿದರು. ಬಲಗಡೆ ಟಿಂಕರಿಂಗ್, ಪುಟ್ಟಿ, ಪೇಂಟ್. ಪಿಕಪ್‌ನವರ ಹಿಂದೆ ಅಲೆದರೆ ಕಾರು ಗ್ಯಾರೇಜಿನಲ್ಲೇ ಕೂರುತ್ತದೆ ಅಂತ ಎಲ್ಲರೂ ಹೆದರಿಸಿದ್ದರಿಂದ ನನ್ನ ಪಾಲಿಸಿಯಲ್ಲೇ ಕ್ಲೈಮ್ ಹಾಕಿದೆ. ತಪ್ಪು ಅವರದ್ದು, ನೋ ಕ್ಲೈಮ್ ಬೋನಸ್ (ಕ್ಲೈಮ್ ಹಾಕದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋದದ್ದು ನನ್ನದು.

ಮೂರು ತಿಂಗಳ ನಂತರ ಮಾರಲು ಹೋದೆ. ಕೊಟ್ಟಾರದ ಕಡೆಯ ಡೀಲರ್ ಬಾನೆಟ್ ಕೂಡ ಎತ್ತಲಿಲ್ಲ, ಪೇಂಟಿನ ದಪ್ಪ ಅಳೆಯುವ ಮೀಟರ್ ಹಿಡಿದು ಒಂದು ಸುತ್ತು ಬಂದ. ಕಂಪನಿ ಪೇಂಟ್ ಇದ್ದಲ್ಲಿ ನೂರು ಚಿಲ್ಲರೆ ಮೈಕ್ರಾನ್, ಹಿಂದೆ ಬಲಗಡೆಗೆ ಬಂದಾಗ ಐನೂರರ ಮೇಲೆ. "ಆಕ್ಸಿಡೆಂಟ್ ಗಾಡಿ ಅಲ್ವಾ ಸರ್?" ಅಂದ. ಗುದ್ದಿಸಿಕೊಳ್ಳದ ಅದೇ ಮಾಡೆಲ್‌ಗೆ ಹೇಳಿದ ರೇಟಿಗಿಂತ 85 ಸಾವಿರ ಕಮ್ಮಿ.

ನನಗೆ ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಸವಕಳಿ ಅಂತ ಕಳೆಯುವಾಗ ಇವರ ಲೆಕ್ಕ ಎಷ್ಟು ಚಂದ! ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್‌ಗೆ 50 ಪರ್ಸೆಂಟ್ ಕಟ್. ಎರಡರಿಂದ ಮೂರು ವರ್ಷದ ಕಾರಿನ ಲೋಹದ ಭಾಗಕ್ಕೆ 15 ಪರ್ಸೆಂಟ್. ಹಳತು ತೆಗೆದು ಹೊಸತು ಹಾಕಿದ್ದೇವೆ, ನಿಮಗೆ ಲಾಭವಾಯಿತು, ಅದನ್ನು ಬಿಟ್ಟುಕೊಡಿ ಅನ್ನುವುದು ಅದರ ಅರ್ಥ. ಸರಿ, ಒಪ್ಪಿದೆ. ಹಾಗಾದರೆ ಅದೇ ಅಪಘಾತದಿಂದ ನನಗಾದ ನಷ್ಟವನ್ನೂ ಪರ್ಸೆಂಟಿನಲ್ಲಿ ಲೆಕ್ಕ ಹಾಕಿ ನೋಡುವ!

ಇಲ್ಲಿ ಎರಡು ಬಾಗಿಲುಗಳಿವೆ, ಹೆಚ್ಚಿನವರು ಒಂದನ್ನೇ ತಟ್ಟಿ ವಾಪಸ್ ಬರುತ್ತಾರೆ. ನಮ್ಮ ಸ್ವಂತ ಪಾಲಿಸಿಯಲ್ಲಿ ಅಪಘಾತದ ಪರಿಣಾಮವಾಗಿ ಆಗುವ ಬೇರೆ ನಷ್ಟಕ್ಕೂ ಸವಕಳಿಗೂ ದುಡ್ಡಿಲ್ಲ ಅಂತ ಬರೆದೇ ಇರುತ್ತದೆ. ಆ ಬಾಗಿಲು ತೆರೆಯುವುದು ಕಷ್ಟ. ಆದರೆ ಗುದ್ದಿದವರ ಇನ್ಶೂರೆನ್ಸ್ ಕಂಪನಿಗೂ ನನಗೂ ಒಪ್ಪಂದವೇ ಇಲ್ಲ. ಅವರು ಕೊಡಬೇಕಾದದ್ದು ಅವರ ಗಿರಾಕಿ ಮಾಡಿದ ತಪ್ಪಿಗೆ. 1988ರ ಮೋಟಾರು ವಾಹನ ಕಾಯ್ದೆಯ 165ನೇ ಸೆಕ್ಷನ್ ಪ್ರಕಾರ ಮೂರನೆಯವರ, ಅಂದರೆ ಗುದ್ದಿಸಿಕೊಂಡ ನಮ್ಮಂಥವರ, ಆಸ್ತಿಗಾದ ಹಾನಿಯ ಕೇಸನ್ನೂ ಅಪಘಾತ ಪರಿಹಾರದ ಕೇಸು ನೋಡುವ ಕ್ಲೈಮ್ಸ್ ಟ್ರಿಬ್ಯೂನಲ್ ಕೇಳಬಹುದು, ಪೆಟ್ಟಾದವರದ್ದು ಮಾತ್ರ ಅಲ್ಲ. ರಿಪೇರಿ ದುಡ್ಡು ಎರಡೆರಡು ಸಲ ಕೇಳುವಂತಿಲ್ಲ, ನಿಜ. ಈ 85 ಸಾವಿರ ಯಾರೂ ಒಂದು ಸಲವೂ ಕೊಟ್ಟಿಲ್ಲವಲ್ಲ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ಇದಕ್ಕಿಂತ ಮುಂದೆ ಹೋಯಿತು, ಸ್ವಂತ ಕಂಪನಿಯೇ ಈ ನಷ್ಟವನ್ನು ಲೆಕ್ಕ ಹಾಕಿ ಕೊಡಬೇಕು ಅಂದಿತು. ಆಮೇಲೆ 17ಸಿ ಅನ್ನುವ ಸೂತ್ರ ಚಾಲ್ತಿಗೆ ಬಂತು. ಕಾರಿನ ಬೆಲೆಯ 10 ಪರ್ಸೆಂಟಿನಿಂದ ಶುರುಮಾಡಿ, ಪೆಟ್ಟು ಎಷ್ಟು, ಓಡಿದ್ದು ಎಷ್ಟು ಅಂತ ನೋಡಿ ಇಳಿಸುತ್ತಾ ಹೋಗುವುದು. ಕಂಜೂಸ್ ಸೂತ್ರವೇ, ಆದರೂ ಸೊನ್ನೆಗಿಂತ ವಾಸಿ.

ನಿಮಗೆ ಹೀಗಾದರೆ ರಸ್ತೆಯಲ್ಲೇ ಐದು ಸಾವಿರ ಇಸ್ಕೊಂಡು ಕಾಂಪ್ರಮೈಸ್ ಮಾಡಬೇಡಿ. ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಡಿ, ಫೋಟೋ ತೆಗೆಯಿರಿ, ಹಾನಿ ಲೆಕ್ಕ ಹಾಕುವ ಸರ್ವೇಯರ್ ರಿಪೋರ್ಟಿನ ಕಾಪಿ ಕೇಳಿ, ಎರಡು ಕಡೆಯಿಂದ ರೇಟ್ ಬರೆಸಿಕೊಳ್ಳಿ. ಪೂರ್ತಿ ಸಂದಾಯವಾಯಿತು ಅಂತ ಬರೆದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ವಿರೋಧ: ನಷ್ಟ ನಿಜ, ಕೇಳುವ ಜಾಗ ಅದಲ್ಲ

ನಾನು ಉಡುಪಿಯವನು, ಇನ್ಶೂರೆನ್ಸಿನವರ ಪರ ವಕಾಲತ್ತು ಮಾಡಲು ಬಂದವನಲ್ಲ. ಅವರ ಮೇಲೆ ನನಗೂ ಸಿಟ್ಟುಂಟು. ಆದರೆ 85 ಸಾವಿರ ಅನ್ನುವುದು ಒಬ್ಬ ಡೀಲರ್ ಬಾಯಲ್ಲಿ ಬಂದ ಮಾತು ಮಾರಾಯ್ರೆ. ಕಮ್ಮಿಗೆ ಕೇಳುವುದೇ ಅವನ ಕಸುಬು. ಪುಟ್ಟಿ ಸಿಗದಿದ್ದರೆ ಟಯರ್ ಸವೆದಿದೆ ಅನ್ನುತ್ತಿದ್ದ. ಜೊತೆಗೆ ಮಾರುವವರಿಗೆ ಮಾತ್ರ ಈ ನಷ್ಟ. ಹದಿನೈದು ವರ್ಷ ಓಡಿಸುವವರ ಕಾರನ್ನು ಇಲ್ಲಿ ಪಿಕಪ್‌ಗಿಂತ ಮೊದಲು ಕಡಲ ಗಾಳಿಯ ತುಕ್ಕೇ ತಿನ್ನುತ್ತದೆ.

ಗುದ್ದಿದವರ ಪಾಲಿಸಿ ಹೇಗಿರುತ್ತದೆ ಅಂತಲೂ ನೋಡಬೇಕಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ಮೂರನೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಪ್ರೀಮಿಯಂ ಸ್ವಲ್ಪ ಉಳಿಸಲು ಆ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಳ್ಳುವ ದಾರಿಯೂ ಉಂಟು. ನಾಳೆ ನಮ್ಮ ಉಡುಪಿಯ ಸಂತೆಕಟ್ಟೆಯಲ್ಲಿ ಒಂದು ರಿಕ್ಷಾ ನಿಮಗೆ ಗುದ್ದಿತು ಅಂತಿಟ್ಟುಕೊಳ್ಳಿ. ಆ ರಿಕ್ಷಾದವರದ್ದು ಅಂಥ ಪಾಲಿಸಿಯಾಗಿದ್ದರೆ, ಅಥವಾ ಪಾಲಿಸಿಯೇ ಮುಗಿದಿದ್ದರೆ, ನಿಮ್ಮ 85 ಸಾವಿರ ಅವರ ಕಿಸೆಯಿಂದಲೇ ಬರಬೇಕು. ಕಾರು ಚೆನ್ನಾಗಿಯೇ ಓಡುತ್ತಿರುವಾಗ, ಮಾರುವಾಗ ಕಮ್ಮಿ ಸಿಗುತ್ತದೆ ಅಂತ ರಿಕ್ಷಾದವರನ್ನು ಕೋರ್ಟಿಗೆ ಎಳೆಯಲು ನನಗಂತೂ ಮನಸ್ಸು ಬರುವುದಿಲ್ಲ. ನಿಮಗೆ ಬಂದರೆ ನಿಮ್ಮಿಷ್ಟ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ವಕೀಲರ ಫೀಸು, ಬೆಲೆ ಕಟ್ಟುವವರ ಫೀಸು, ರಜೆ ಹಾಕಿ ಅಲೆದದ್ದು. ಉಳಿದದ್ದು ಎಷ್ಟು? ಥರ್ಡ್ ಪಾರ್ಟಿ ಪ್ರೀಮಿಯಂ, ಅಂದರೆ ಮೂರನೆಯವರಿಗಾಗುವ ಹಾನಿಗೆಂದು ನಾವು ಕಟ್ಟುವ ದುಡ್ಡು, ನಿಗದಿ ಮಾಡುವುದು ಸರ್ಕಾರ. 2022ರ ಜೂನ್‌ನಲ್ಲಿ 1000ದಿಂದ 1500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ ಅಂತ ಮಾಡಿದರು. ಪ್ರತಿ ಗೀರಿಗೂ ಬೆಲೆ ಇಳಿದ ಲೆಕ್ಕ ಸೇರಿದರೆ ಆ ಅಂಕಿ ಅಲ್ಲೇ ನಿಲ್ಲುತ್ತದಾ? ಕಟ್ಟುವವರು ಎಲ್ಲರೂ. ಗುದ್ದದವರೂ.

ನನ್ನ ನಿಜವಾದ ತಕರಾರು ಬೇರೆಯೇ. ನಂತೂರಿನಲ್ಲಿ ಗುದ್ದಿಸಿಕೊಂಡವರು ಡೀಲರ್‌ಗೆ ಎಲ್ಲ ಹೇಳಿರಬಹುದು. ಎಲ್ಲರೂ ಹೇಳುತ್ತಾರಾ? ಇವತ್ತು ಇನ್ಶೂರೆನ್ಸಿನವರ ಹತ್ತಿರ "ನನ್ನ ಕಾರಿನ ಬೆಲೆ ಬಿತ್ತು" ಅಂತ ಅತ್ತು ದುಡ್ಡು ತೆಗೆದುಕೊಳ್ಳುವವರು, ನಾಳೆ ಗಿರಾಕಿ ಬಂದಾಗ "ಒಂದು ಗೀರೂ ಇಲ್ಲ, ಲೇಡಿ ಡಾಕ್ಟರ್ ಓಡಿಸಿದ್ದು" ಅಂದರೆ ತಡೆಯುವವರು ಯಾರು? ಎರಡೂ ಕಡೆ ದುಡ್ಡು. ನಷ್ಟವಾಗುವುದು ಕೊನೆಗೆ ಕೊಂಡವರಿಗೆ.

ಸುಮ್ನೆ ಹೇಳುತ್ತಿಲ್ಲ. ನಾನು ಕುಂದಾಪುರದಿಂದ ತಂದ ಕಾರು ಅಂಥದ್ದೇ. ಮೊದಲ ಮಳೆಗೆ ಹಿಂದಿನ ಸೀಟಿನ ಕಾಲಡಿ ನೀರು ನಿಂತಿತು. ಮ್ಯಾಟ್ ಎತ್ತಿಸಿ ಮಣಿಪಾಲದ ಗ್ಯಾರೇಜಿನವರು ತೋರಿಸಿದಾಗ ಪಿಲ್ಲರ್ ಬುಡದಲ್ಲಿ ಕೈಯಲ್ಲಿ ಹಾಕಿದ ವೆಲ್ಡಿಂಗ್ ಕಂಡಿತು, ಅದರ ಮೇಲೆ ದಪ್ಪಕ್ಕೆ ಸೀಲೆಂಟ್ ಬಳಿದಿದ್ದರು. ಮಾರಿದವರು ಸಣ್ಣ ಪೇಂಟ್ ಟಚಪ್ ಅಂತ ಮಾತ್ರ ಹೇಳಿದ್ದರು. ಮೂರು ಸಲ ಫೋನ್ ಮಾಡಿದೆ, ಮೊದಲನೆಯ ಸಲ ಮಾತ್ರ ಎತ್ತಿದರು.