ಮತ್ತೊಬ್ಬ ಅಡ್ರಾಸ್ಟಸ್!
ನಿನ್ನೆ ರಾತ್ರಿ ಟ್ರಾಯ್ ಯುದ್ಧದ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 16ನೇ ಅಧ್ಯಾಯ ಓದುತ್ತಿದ್ದೆ. ಗ್ರೀಕ್ ವೀರ ಪ್ಯಾಟ್ರೊಕ್ಲಸ್‌ನ ಕೈಯಲ್ಲಿ ಸತ್ತವರ ಹೆಸರುಗಳಲ್ಲಿ ಅಡ್ರಾಸ್ಟಸ್! ಅರೆ, ಇವನು 6ನೇ ಅಧ್ಯಾಯದಲ್ಲೇ ಸತ್ತಿದ್ದನಲ್ವಾ? ಪುಟ ತಿರುವಿ ನೋಡಿದೆ. 6ನೇ ಅಧ್ಯಾಯದ ಅಡ್ರಾಸ್ಟಸ್ಸೇ ಬೇರೆಯಂತೆ. ಕುದುರೆಗಳು ಪೊದೆಗೆ ಸಿಕ್ಕಿ, ರಥ ಮುರಿದು, ಧೂಳಲ್ಲಿ ಮುಖ ಅಡಿಯಾಗಿ ಬಿದ್ದವನು. ಗ್ರೀಕ್ ರಾಜ ಮೆನೆಲಾಸನ ಮೊಣಕಾಲು ಹಿಡಿದು ಜೀವ ಬೇಡಿದವನು. ಅವನಿಗಾಗಿ ಎಷ್ಟು ಮರುಗಿದ್ದೆ ನಾನು! ಇವರಿಬ್ಬರು ಸಾಲದು ಅಂತ ಮೆರೋಪ್ಸನ ಮಗ ಇನ್ನೊಬ್ಬ. ಥೀಬ್ಸ್ ಮೇಲೆ ದಂಡೆತ್ತಿ ಹೋದ ಆರ್ಗಾಸ್‌ನ ರಾಜನೂ ಅಡ್ರಾಸ್ಟಸ್ಸೇ. ಕ್ರೆಯೂಸಾ ಅನ್ನೋ ಹೆಸರಿನ ಪಾಡೂ ಇದೇ. ಟ್ರಾಯ್‌ನ ವೀರ ಈನಿಯಸ್‌ನ ಹೆಂಡತಿ, ಅಯೋನಿಯನ್ ಗ್ರೀಕರ ಮೂಲಪುರುಷ ಅಯಾನ್‌ನ ತಾಯಿ, ವಿಷದ ಉಡುಪು ತೊಟ್ಟು ಬೆಂದುಹೋದ ಕೊರಿಂತ್‌ನ ಹುಡುಗಿ, ಮೂವರಿಗೂ ಅದೇ ಹೆಸರು. ಊರೆಲ್ಲಾ ಹುಡುಕಿದರೂ ಬೇರೆ ಹೆಸರೇ ಸಿಗಲಿಲ್ವಾ? ಕಣ್ಣೀರು ಹಾಕೋದಾದರೂ ಯಾರಿಗೆ ಅಂತ ಹಾಕಲಿ?